ಎಕ್ಸ್‌ಚೇಂಜಿನ ವರ್ಕ್‌ಸ್ಟೇಷನ್ ಆರಿಸುವ ಮುನ್ನ

ಪ್ರಶ್ನೆ: ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಸುಮಾರು 600 ಎಕ್ಸ್‌ಟೆನ್ಷನ್‌ಗಳ ಹಳೆಯ ಡಿಜಿಟಲ್ ಟೆಲಿಫೋನ್ ಎಕ್ಸ್‌ಚೇಂಜ್ ನಮ್ಮಲ್ಲಿದೆ. ಅದರ ಪಕ್ಕದಲ್ಲಿ ಸೋಲಾರಿಸ್ ಎಂಬ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿದ, ಸನ್ ಕಂಪನಿಯ ಒಂದು ವರ್ಕ್‌ಸ್ಟೇಷನ್ ಕಂಪ್ಯೂಟರ್. ನಂಬರ್ ಬದಲಾವಣೆ, ಅಲಾರಂ, ಕರೆಗಳ ಲೆಕ್ಕ ಎಲ್ಲವೂ ಅದರಲ್ಲೇ. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತರಾಗಿ ಎರಡು ವರ್ಷವಾಯಿತು. ಬರುವ ಭಾನುವಾರ ಯುಪಿಎಸ್ ಬದಲಿಸಬೇಕು, ಅದೇ ಸಮಯಕ್ಕೆ ವರ್ಕ್‌ಸ್ಟೇಷನ್ ಒಳಗಿನ ಧೂಳನ್ನೂ ತೆಗೆಯಬೇಕು. "ಸ್ವಿಚ್ ಆಫ್ ಮಾಡಿ ಸಾರ್, ಏನೂ ಆಗಲ್ಲ" ಎನ್ನುತ್ತಾರೆ ಯುಪಿಎಸ್‌ನವರು. ಅದು ಆರಿದರೆ ಇಡೀ ಕಾರ್ಖಾನೆಯ ಫೋನ್ ಹೋಗುತ್ತದೆ ಎನ್ನುತ್ತಾರೆ ನಮ್ಮ ಸೆಕ್ಯುರಿಟಿ ಆಫೀಸರ್. ಯಾರ ಮಾತು ಸರಿ? ಆರಿಸುವುದು ಹೇಗೆ?

ಉತ್ತರ: ಮೊದಲು ಸೆಕ್ಯುರಿಟಿ ಆಫೀಸರ್‌ಗೆ ಸಮಾಧಾನ ಹೇಳಿ. ವರ್ಕ್‌ಸ್ಟೇಷನ್ ಆರಿದರೆ ಫೋನ್ ಹೋಗುವುದಿಲ್ಲ. ಕರೆ ಜೋಡಿಸುವ ಕೆಲಸ ಎಕ್ಸ್‌ಚೇಂಜ್ ಕ್ಯಾಬಿನೆಟ್ಟಿನೊಳಗಿನ ಪ್ರೊಸೆಸರ್ ಕಾರ್ಡಿನದು. ಯಾವ ಎಕ್ಸ್‌ಟೆನ್ಷನ್ ಎಲ್ಲಿದೆ, ಹೊರಗಿನ ಲೈನು ಯಾರಿಗೆ ಸಿಗಬೇಕು ಎಂಬ ಪಟ್ಟಿ ಆ ಕಾರ್ಡಿನ ಮೆಮೊರಿಯಲ್ಲೇ ಇರುತ್ತದೆ. ವರ್ಕ್‌ಸ್ಟೇಷನ್ನು ಪಕ್ಕದಲ್ಲಿ ಕೂತ ಗುಮಾಸ್ತನಂತೆ. ಹೊಸ ಹೆಸರು ಬರೆದು ಕೊಡುತ್ತದೆ, ದೂರು ಬಂದರೆ ಗಂಟೆ ಬಾರಿಸುತ್ತದೆ, ಯಾರು ಎಷ್ಟು ಹೊತ್ತು ಮಾತಾಡಿದರೆಂದು ಗುರುತು ಹಾಕಿಕೊಳ್ಳುತ್ತದೆ. ಗುಮಾಸ್ತ ರಜೆ ಹಾಕಿದರೆ ಅಂಗಡಿ ನಿಲ್ಲುವುದಿಲ್ಲ.

ಹಾಗಂತ ಯುಪಿಎಸ್‌ನವರ ಮಾತು ಸರಿಯೆಂದೂ ಅಲ್ಲ. ಆ ಯಂತ್ರ ಆರಿರುವಷ್ಟು ಹೊತ್ತು ನೀವು ಕುರುಡರು. ಎಕ್ಸ್‌ಚೇಂಜಿನಲ್ಲಿ ಕಾರ್ಡ್ ಸುಟ್ಟರೂ ಫ್ಯೂಸ್ ಹೋದರೂ ಹೇಳುವವರಿರುವುದಿಲ್ಲ. ಒಂದೇಟಿಗೆ ಸ್ವಿಚ್ ಒತ್ತಿದರಂತೂ ಆ ಯಂತ್ರ ಮತ್ತೆ ಏಳದೆಯೂ ಇರಬಹುದು. ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಚಿಂತೆಯಾದದ್ದು ಈ ಎರಡನೆಯ ವಿಷಯಕ್ಕೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಹಳೆಯ ಸನ್ ಯಂತ್ರಗಳ ಬೋರ್ಡಿನ ಮೇಲೆ ಎನ್‌ವಿರ‍್ಯಾಮ್ ಎಂಬ ಒಂದು ಚಿಪ್ ಇದೆ. ಗಡಿಯಾರ, ನೆಟ್‌ವರ್ಕಿನಲ್ಲಿ ಯಂತ್ರವನ್ನು ಗುರುತಿಸುವ ಈಥರ್‌ನೆಟ್ ವಿಳಾಸ, ಯಂತ್ರದ ಸ್ವಂತ ಗುರುತಿನ ಸಂಖ್ಯೆಯಾದ ಹೋಸ್ಟ್ ಐಡಿ ಮೂರೂ ಅದರಲ್ಲಿರುತ್ತವೆ. ಅದಕ್ಕೆ ಬೇಕಾದ ಬ್ಯಾಟರಿ ಆ ಚಿಪ್ಪಿನ ಹೊಟ್ಟೆಯೊಳಗೇ ಇದೆ, ಹೊರಗಿನಿಂದ ಬದಲಿಸಲು ಬರುವುದಿಲ್ಲ. ಅದರ ಆಯಸ್ಸು ಹೆಚ್ಚುಕಡಿಮೆ ಹತ್ತು ವರ್ಷ. ಯಂತ್ರ ಸದಾ ಆನ್ ಇದ್ದರೆ ಬ್ಯಾಟರಿ ಸತ್ತದ್ದು ಯಾರಿಗೂ ಗೊತ್ತಾಗುವುದಿಲ್ಲ. ಆರಿಸಿದ ದಿನ ಗೊತ್ತಾಗುತ್ತದೆ. ಮತ್ತೆ ಹಚ್ಚಿದಾಗ ಈಥರ್‌ನೆಟ್ ವಿಳಾಸದ ಜಾಗದಲ್ಲಿ ಬರೀ ಎಫ್ ಎಫ್ ಎಂದು ತೋರಿಸುತ್ತದೆ, ಹೋಸ್ಟ್ ಐಡಿ ಮಾಯ. ಎಕ್ಸ್‌ಚೇಂಜ್ ನಿರ್ವಹಣೆಯ ಸಾಫ್ಟ್‌ವೇರಿನ ಲೈಸೆನ್ಸನ್ನು ಆ ಹೋಸ್ಟ್ ಐಡಿಗೇ ಕಟ್ಟಿಹಾಕುವುದು ಆಗಿನ ರೂಢಿ. ಐಡಿ ಹೋದರೆ ಯಂತ್ರ ಗಟ್ಟಿಮುಟ್ಟಾಗಿದ್ದರೂ ಸಾಫ್ಟ್‌ವೇರ್ ಬಾಗಿಲು ತೆಗೆಯುವುದಿಲ್ಲ.

ಆದ್ದರಿಂದ ಭಾನುವಾರದವರೆಗೆ ಕಾಯಬೇಡಿ, ನಾಳೆಯೇ ಒಂದು ಕೆಲಸ ಮಾಡಿ. ಯಂತ್ರ ನಡೆಯುತ್ತಿರುವಾಗಲೇ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಲಾಗಿನ್ ಮಾಡಿ ಹೋಸ್ಟ್ ಐಡಿ ಕೇಳುವ ಆಜ್ಞೆ ಕೊಡಿ, ಇಫ್‌ಕಾನ್‌ಫಿಗ್ ಆಜ್ಞೆಯಿಂದ ಈಥರ್‌ನೆಟ್ ವಿಳಾಸವನ್ನೂ ತೆಗೆಯಿರಿ. ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಕಂಪ್ಯೂಟರಿನೊಳಗೆ ಬರೆದಿಟ್ಟರೆ ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲೆಳೆದುಕೊಂಡ ಹಾಗೆ. ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಬ್ಯಾಟರಿ ಸತ್ತಿದ್ದರೂ, ಸೋಲಾರಿಸ್ ಇನ್ನೂ ಏಳದಿರುವಾಗ ಸನ್ ಯಂತ್ರ ಆಜ್ಞೆಗೆ ಕಾಯುವ ಓಕೆ ಪ್ರಾಂಪ್ಟಿನಲ್ಲಿ ಕೈಯಾರೆ ತುಂಬಿ ಯಂತ್ರವನ್ನು ಎಬ್ಬಿಸಬಹುದು. ಸಂಖ್ಯೆಗಳೇ ಇಲ್ಲದಿದ್ದರೆ ಲೈಸೆನ್ಸ್ ಕೊಟ್ಟವರನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಹಾರ್ಡ್ ಡಿಸ್ಕಿನ ಕಥೆಯೂ ಇಂಥದ್ದೇ. ವರ್ಷಗಟ್ಟಲೆ ಬಿಡದೆ ತಿರುಗಿದ ಡಿಸ್ಕು ಒಮ್ಮೆ ನಿಂತು ತಣ್ಣಗಾದರೆ ಮತ್ತೆ ತಿರುಗಲು ಮೊಂಡಾಟ ಮಾಡುವುದುಂಟು. ಹೀಗಾಗಿ ಬ್ಯಾಕಪ್ ಇಲ್ಲದೆ ಸ್ವಿಚ್ ಮುಟ್ಟಲೇಬೇಡಿ. ಬ್ಯಾಕಪ್ ಎಂದರೆ ಟೇಪ್ ಓಡಿದ ಶಬ್ದ ಕೇಳಿಸಿತು ಎಂದಲ್ಲ. ಟೇಪಿನಿಂದ ಒಂದೆರಡು ಫೈಲು ಬೇರೊಂದು ಜಾಗಕ್ಕೆ ಮರಳಿ ತೆಗೆದು, ತೆರೆದು ನೋಡಿ. ಹಳೆಯ ಟೇಪಿದ್ದರೆ ಅದನ್ನು ನಂಬುವ ಬದಲು ಅದೇ ಫೈಲುಗಳನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಕಂಪ್ಯೂಟರಿಗೂ ಕಳಿಸಿಡಿ.

ಎಕ್ಸ್‌ಚೇಂಜಿನದೂ ಒಂದು ಬ್ಯಾಕಪ್ ಬೇಕು, ಇದನ್ನು ಮರೆಯುವವರು ಬಹಳ. ಎಷ್ಟೋ ಎಕ್ಸ್‌ಚೇಂಜ್‌ಗಳಲ್ಲಿ ನೀವು ಮಾಡಿದ ಬದಲಾವಣೆ ಮೊದಲು ಚಾಲ್ತಿ ಮೆಮೊರಿಗೆ ಮಾತ್ರ ಹೋಗುತ್ತದೆ. ಡೆಫಿನಿಟಿ ಮಾದರಿಯ ಎಕ್ಸ್‌ಚೇಂಜಿನಂಥವುಗಳಲ್ಲಿ 'ಸೇವ್ ಟ್ರಾನ್ಸ್‌ಲೇಷನ್' ಎಂಬ ಆಜ್ಞೆ ಪ್ರತ್ಯೇಕವಾಗಿ ಕೊಟ್ಟರಷ್ಟೇ ಅದು ಶಾಶ್ವತವಾಗಿ ಉಳಿಯುವುದು. ನಿಮ್ಮದಕ್ಕೆ ಯಾವ ಆಜ್ಞೆಯೋ ಮ್ಯಾನ್ಯುಯಲ್ ನೋಡಿ ಶನಿವಾರ ಸಂಜೆ ಕೊಟ್ಟುಬಿಡಿ. ಯುಪಿಎಸ್ ಬದಲಿಸುವಾಗ ಅಪ್ಪಿತಪ್ಪಿ ಎಕ್ಸ್‌ಚೇಂಜಿನ ಕರೆಂಟೂ ಹೋದರೆ, ಕಳೆದ ತಿಂಗಳು ಕೊಟ್ಟ ಹೊಸ ನಂಬರ್‌ಗಳೆಲ್ಲ ಅಳಿಸಿಹೋಗಿ ಸೋಮವಾರ ಬೆಳಿಗ್ಗೆ ನಿಮ್ಮ ಮೇಜಿನ ಮುಂದೆ ಸಾಲು ನಿಲ್ಲುತ್ತದೆ.

ಅಪ್ಪಿತಪ್ಪಿ ಎಂದೆ, ನಿಜಕ್ಕೂ ಆಗುವಂಥದ್ದೇ. ಯುಪಿಎಸ್‌ನಿಂದ ಹೊರಟ ವೈರು ಎಲ್ಲೆಲ್ಲಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ. ಡಿಬಿ (ವಿದ್ಯುತ್ ಹಂಚುವ ಬೋರ್ಡ್) ಮೇಲೆ ಅಂಟಿಸಿದ ಚೀಟಿಯನ್ನು ನಂಬಬೇಡಿ, ಅದನ್ನು ಅಂಟಿಸಿದವರು ನಿವೃತ್ತರಾಗಿದ್ದಾರೆ! ಎಕ್ಸ್‌ಚೇಂಜ್ ನಡೆಯುವುದು ಮೈನಸ್ 48 ವೋಲ್ಟ್ ಡಿಸಿ ಮೇಲೆ. ಅದನ್ನು ಕೊಡುವ ಚಾರ್ಜರಿಗೆ ಎಸಿ ಎಲ್ಲಿಂದ ಬರುತ್ತದೆ? ನೇರ ಬೆಸ್ಕಾಂ ಮತ್ತು ಜನರೇಟರಿನಿಂದಲೇ, ಅಥವಾ ನೀವು ಬದಲಿಸಲು ಹೊರಟ ಯುಪಿಎಸ್ಸಿನಿಂದಲೇ? ಯುಪಿಎಸ್ಸಿನಿಂದ ಎಂದಾದರೆ ಭಾನುವಾರದ ಕೆಲಸ ಬೇರೆಯೇ ಆಗುತ್ತದೆ. ಚಾರ್ಜರಿಗೆ ತಾತ್ಕಾಲಿಕ ಲೈನ್ ಎಳೆಯದೆ ಶುರು ಮಾಡಲೇಬಾರದು.

ಎಕ್ಸ್‌ಚೇಂಜಿಗೆ ಈ ಡಿಸಿ ಕೊಡುವ ಬ್ಯಾಟರಿ ಬ್ಯಾಂಕಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. 24 ಸೆಲ್, ಒಂದೊಂದಕ್ಕೆ 2.25 ವೋಲ್ಟಿನಂತೆ ಫ್ಲೋಟಿನಲ್ಲಿ, ಅಂದರೆ ತುಂಬಿದ ಬ್ಯಾಟರಿಯನ್ನು ಚಾರ್ಜರ್ ಹಾಗೇ ಹಿಡಿದಿಟ್ಟಿರುವಾಗ, ಒಟ್ಟು 54 ಇರಬೇಕು. ಚಾರ್ಜರ್ ನಿಂತ ತಕ್ಷಣ ಇದು ಇಳಿಯಲು ಶುರುವಾಗುತ್ತದೆ. ಸೆಲ್ಲಿಗೆ 1.8ಕ್ಕೆ ಇಳಿದರೆ, ಅಂದರೆ ಒಟ್ಟು 43ರ ಆಸುಪಾಸು, ಬ್ಯಾಟರಿ ಖಾಲಿಯೆಂದೇ ಲೆಕ್ಕ. ಕೆಲಸ ನಡೆಯುವಷ್ಟು ಹೊತ್ತು ಅರ್ಧ ಗಂಟೆಗೊಮ್ಮೆ ಈ ವೋಲ್ಟೇಜನ್ನು ಮೀಟರಿನಲ್ಲಿ ನೋಡಿ ಬರೆಯಲು ಒಬ್ಬರನ್ನು ಕೂರಿಸಿ. 52ಕ್ಕಿಂತ ಕೆಳಗೆ ಬಂದು ಇಳಿಯುತ್ತಲೇ ಇದ್ದರೆ ಯುಪಿಎಸ್‌ನವರಿಗೆ ಸ್ಪ್ಯಾನರ್ ಕೆಳಗಿಡಲು ಹೇಳಿ, ಚಾರ್ಜರ್ ನೋಡಿ. ಬಸ್‌ಬಾರ್ (ಕರೆಂಟು ಸಾಗಿಸುವ ತೆರೆದ ಲೋಹದ ಪಟ್ಟಿ) ಹತ್ತಿರ ಹೋಗುವವರು ಉಂಗುರ, ವಾಚು ತೆಗೆದಿಡಲಿ. 48 ವೋಲ್ಟ್ ಶಾಕ್ ಹೊಡೆಯದು ಎಂದು ಧೈರ್ಯ ಮಾಡುವವರಿದ್ದಾರೆ. ಶಾಕಿನ ಮಾತಲ್ಲ, ಶಾರ್ಟ್ ಆದರೆ ಉಂಗುರ ಕೆಂಡವಾಗಿ ಬೆರಳನ್ನೇ ಸುಡುತ್ತದೆ.

ಒಬ್ಬರನ್ನು ಕೂರಿಸಿ ಎಂದು ನಾನು ಹಟ ಹಿಡಿಯುವುದಕ್ಕೆ ಒಂದು ಹಳೆಯ ಪ್ರಸಂಗವೂ ಕಾರಣ. 1991ರ ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನ ಥಾಮಸ್ ಸ್ಟ್ರೀಟಿನಲ್ಲಿದ್ದ ಎಟಿ ಅಂಡ್ ಟಿ ಎಕ್ಸ್‌ಚೇಂಜ್, ಊರಿನ ವಿದ್ಯುತ್ ಕಂಪನಿಯ ಹೊರೆ ತಗ್ಗಿಸಲೆಂದು ತನ್ನ ಸ್ವಂತ ಜನರೇಟರಿಗೆ ಬದಲಾಯಿಸಿಕೊಂಡಿತು. ಬದಲಾವಣೆಯಲ್ಲಿ ಕೆಲವು ಚಾರ್ಜರ್‌ಗಳು ಟ್ರಿಪ್ ಆದವು. ಎಕ್ಸ್‌ಚೇಂಜ್ ಬ್ಯಾಟರಿಯ ಮೇಲೆ ಸುಮಾರು ಆರು ಗಂಟೆ ಸದ್ದಿಲ್ಲದೆ ನಡೆಯಿತು. ಅಲಾರಂ ಬಂದಿದ್ದರೂ ನೋಡುವವರಿರಲಿಲ್ಲ. ನೋಡಬೇಕಾದ ಸಿಬ್ಬಂದಿ ಆ ದಿನ ಹೋಗಿದ್ದು ಎಲ್ಲಿಗೆ ಗೊತ್ತೇ? ಹೊಸ ಅಲಾರಂ ವ್ಯವಸ್ಥೆಯ ತರಬೇತಿಗೆ. ಬ್ಯಾಟರಿ ಬರಿದಾದಾಗ ಆ ಪ್ರದೇಶದ ವಿಮಾನ ಸಂಚಾರ ನಿಯಂತ್ರಣದ ಸಂಪರ್ಕ ಕಡಿದು ಮೂರೂ ದೊಡ್ಡ ವಿಮಾನ ನಿಲ್ದಾಣಗಳ ಹಾರಾಟ ಅಸ್ತವ್ಯಸ್ತವಾಯಿತು. ನೀವು ವರ್ಕ್‌ಸ್ಟೇಷನ್ ಆರಿಸಿದಾಗ ನಿಮ್ಮ ಸ್ಥಿತಿಯೂ ಅದೇ, ಅಲಾರಂ ನೋಡುವ ಕಣ್ಣು ಇರುವುದಿಲ್ಲ. ನಮ್ಮ ದೇಶದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ದೊಡ್ಡ ಎಕ್ಸ್‌ಚೇಂಜ್‌ಗಳಲ್ಲಿ ಈ ಕೆಲಸದ ಇನ್‌ಪುಟ್-ಔಟ್‌ಪುಟ್ ಪ್ರೊಸೆಸರನ್ನು ಜೋಡಿಯಾಗಿಯೇ ಕೊಟ್ಟಿದ್ದರು, ಒಂದನ್ನು ಬಿಚ್ಚಿದರೆ ಇನ್ನೊಂದು ನೋಡಿಕೊಳ್ಳುತ್ತಿತ್ತು. ನಿಮ್ಮದು ಒಂಟಿ. ಅದರ ಬದಲು ಮನುಷ್ಯರೇ ಕ್ಯಾಬಿನೆಟ್ ಮುಂದೆ ಕೂತು ಕೆಂಪು ದೀಪ ನೋಡಬೇಕು.

ಕರೆಗಳ ಲೆಕ್ಕ ಮುಂದಿನದು. ಪ್ರತಿ ಕರೆ ಮುಗಿದಾಗ ಎಕ್ಸ್‌ಚೇಂಜ್ ಒಂದು ಸಾಲಿನ ದಾಖಲೆಯನ್ನು ವರ್ಕ್‌ಸ್ಟೇಷನ್ನಿಗೆ ಕಳಿಸುತ್ತದೆ. ತೆಗೆದುಕೊಳ್ಳುವವರಿಲ್ಲದಿದ್ದರೆ ತನ್ನ ಬಫರಿನಲ್ಲಿ ಇಟ್ಟುಕೊಳ್ಳುತ್ತದೆ, ಬಫರ್ ತುಂಬಿದ ಮೇಲೆ ದಾಖಲೆಗಳು ಕಳೆದುಹೋಗುತ್ತವೆ. ಭಾನುವಾರ ಗಂಟೆಗೆ 100 ಕರೆ, ದಾಖಲೆಗೆ 80 ಅಕ್ಷರ ಎಂದಿಟ್ಟುಕೊಂಡರೆ ನಾಲ್ಕು ಗಂಟೆಗೆ 32,000 ಅಕ್ಷರ. ನಿಮ್ಮ ಬಫರ್ ಎಷ್ಟು ಹಿಡಿಯುತ್ತದೆಂದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಸಾಲದು ಅನ್ನಿಸಿದರೆ ಆ ಸೀರಿಯಲ್ ಕೇಬಲ್ಲನ್ನು ಒಂದು ಲ್ಯಾಪ್‌ಟಾಪಿಗೆ ಚುಚ್ಚಿ, ಬಂದದ್ದನ್ನೆಲ್ಲ ಫೈಲಿಗೆ ತುಂಬಿಸಿಕೊಳ್ಳಿ. ಅಕೌಂಟ್ಸ್‌ನವರು ಎಕ್ಸ್‌ಟೆನ್ಷನ್ ಲೆಕ್ಕದಲ್ಲಿ ವಿಭಾಗಗಳಿಗೆ ಬಿಲ್ ಹಂಚುವ ಪದ್ಧತಿ ಇಲ್ಲದಿದ್ದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಆರಿಸುವ ವಿಧಾನ. ಒಂದೇಟಿಗೆ ಸ್ವಿಚ್ ಒತ್ತಿದರೆ ಆಗುವ ತೊಂದರೆ ಏನೆಂದರೆ, ಯುನಿಕ್ಸ್ ಯಂತ್ರ ನೀವು ಬರೆದದ್ದನ್ನೆಲ್ಲ ಆಗಿಂದಾಗಲೇ ಡಿಸ್ಕಿಗೆ ಹಾಕುವುದಿಲ್ಲ. ಮೆಮೊರಿಯಲ್ಲಿ ಒಟ್ಟುಮಾಡಿಕೊಂಡು ಕೆಲವು ಸೆಕೆಂಡುಗಳಿಗೊಮ್ಮೆ ಹಾಕುತ್ತದೆ. ಆ ನಡುವೆ ಕರೆಂಟು ಹೋದರೆ ಡಿಸ್ಕಿನ ಮೇಲಿನ ಲೆಕ್ಕ ಅರ್ಧಕ್ಕೆ ನಿಂತ ಲೆಕ್ಕ. ಮತ್ತೆ ಹಚ್ಚಿದಾಗ ಎಫ್‌ಎಸ್‌ಚೆಕ್ ಎಂಬ ಪರೀಕ್ಷೆ ನಡೆದು ಸಾಮಾನ್ಯವಾಗಿ ತಾನೇ ಸರಿಪಡಿಸಿಕೊಳ್ಳುತ್ತದೆ. ತನ್ನಿಂದ ಆಗದಿದ್ದರೆ "ನೀವೇ ಕೈಯಾರೆ ನಡೆಸಿ" ಎಂದು ಹೇಳಿ ಕೂತುಬಿಡುತ್ತದೆ. ಡೇಟಾಬೇಸ್ ಇದ್ದರಂತೂ ಇನ್ನೂ ತಾಪತ್ರಯ. ಹಳಬರು ಆರಿಸುವ ಮುನ್ನ 'ಸಿಂಕ್' ಎಂದು ಮೂರು ಸಲ ಟೈಪ್ ಮಾಡುತ್ತಿದ್ದರು. ಮಂತ್ರವೇನಲ್ಲ, ಮೊದಲ ಸಿಂಕ್ ಆಜ್ಞೆ ಬರೆಯಲು ಹೇಳಿ ಮರಳುತ್ತದೆ, ಬರೆದು ಮುಗಿಯುವವರೆಗೆ ಕಾಯುವುದಿಲ್ಲ. ಇನ್ನೆರಡು ಸಲ ಟೈಪ್ ಮಾಡುವಷ್ಟರಲ್ಲಿ ಡಿಸ್ಕಿಗೆ ಸಮಯ ಸಿಗಲಿ ಎಂದು.

ಭಾನುವಾರ ಹೀಗೆ ಮಾಡಿ. ಯಂತ್ರದ ಎದುರೇ ಕೂತು ಕನ್ಸೋಲಿನಿಂದ (ಯಂತ್ರಕ್ಕೇ ನೇರ ಜೋಡಿಸಿದ ಪರದೆ, ಕೀಬೋರ್ಡು) ಲಾಗಿನ್ ಆಗಿ, ನಿಮ್ಮ ಮೇಜಿನ ಕಂಪ್ಯೂಟರಿನಿಂದ ದೂರದಲ್ಲೇ ಮಾಡುವುದು ಬೇಡ. ಯುನೇಮ್ ಆಜ್ಞೆ ಕೊಟ್ಟು ಯಂತ್ರದ ಹೆಸರು ಓದಿ, ಕ್ಯಾಬಿನೆಟ್ ಮೇಲಿನ ಹೆಸರಿಗೆ ತಾಳೆ ಹಾಕಿ. ಎರಡು ಕಿಟಕಿ ತೆರೆದಿಟ್ಟುಕೊಂಡು ಇದರ ಬದಲು ಅದನ್ನು ಆರಿಸಿದ ಬುದ್ಧಿವಂತರನ್ನು ನಾನು ಬೇಕಾದಷ್ಟು ನೋಡಿದ್ದೇನೆ. 'ಹೂ' (ಇಂಗ್ಲಿಷಿನ who) ಆಜ್ಞೆಯಿಂದ ಬೇರೆ ಯಾರಾದರೂ ಲಾಗಿನ್ ಆಗಿದ್ದಾರೆಯೇ ನೋಡಿ, ಇದ್ದರೆ ಫೋನ್ ಮಾಡಿ ಎಬ್ಬಿಸಿ. ಹೊತ್ತಿಗೆ ಸರಿಯಾಗಿ ತಾನೇ ಶುರುವಾಗುವ ಕೆಲಸಗಳ ಕ್ರಾನ್ ಪಟ್ಟಿಯನ್ನೂ ಒಮ್ಮೆ ತೆರೆಯಿರಿ. ವಾರದ ಬ್ಯಾಕಪ್ಪನ್ನು ಭಾನುವಾರಕ್ಕೇ ಇಟ್ಟಿರುವುದು ಹೆಚ್ಚು, ಅದು ಓಡುತ್ತಿರುವಾಗ ಆರಿಸಬಾರದು. ನಂತರ ಎಕ್ಸ್‌ಚೇಂಜ್ ನಿರ್ವಹಣೆಯ ತಂತ್ರಾಂಶವನ್ನು ಅದರದ್ದೇ ಮೆನುವಿನಿಂದ ಮುಚ್ಚಿ, ಡೇಟಾಬೇಸ್ ಇದ್ದರೆ ಅದನ್ನು ನಿಲ್ಲಿಸಿ. ಆಮೇಲಷ್ಟೇ ಶಟ್‌ಡೌನ್ ಆಜ್ಞೆ. ಗಡುವು 60 ಸೆಕೆಂಡ್, ಮಟ್ಟ (ಯಂತ್ರ ಯಾವ ಸ್ಥಿತಿಗೆ ಹೋಗಬೇಕೆಂದು ಹೇಳುವ ಅಂಕೆ) 0. ಮಟ್ಟ 5 ಕೊಟ್ಟರೆ ಯಂತ್ರ ತಾನೇ ಪೂರ್ತಿ ಆರುತ್ತದೆ, ಮಟ್ಟ 6 ಕೊಟ್ಟರೆ ಮತ್ತೆ ಎದ್ದು ಬರುತ್ತದೆ. ನನಗೆ 0 ಇಷ್ಟ. ಅದು ಓಕೆ ಎಂಬ ಪ್ರಾಂಪ್ಟಿಗೆ ಬಂದು ನಿಲ್ಲುತ್ತದೆ. ಅಲ್ಲಿ 'ಬ್ಯಾನರ್' ಎಂದು ಟೈಪ್ ಮಾಡಿದರೆ ಈಥರ್‌ನೆಟ್ ವಿಳಾಸವೂ ಹೋಸ್ಟ್ ಐಡಿಯೂ ಕಾಣುತ್ತವೆ. ಕಾಗದದ ಮೇಲೆ ಬರೆದುಕೊಂಡದ್ದಕ್ಕೆ ಇನ್ನೊಮ್ಮೆ ತಾಳೆ ಹಾಕಿ, ಆಮೇಲೆ ಕೈಯಿಂದ ಸ್ವಿಚ್ ಆರಿಸಿ.

ಎರಡು ಆಜ್ಞೆಗಳ ತಂಟೆಗೆ ಹೋಗಬೇಡಿ. 'ಹಾಲ್ಟ್' ಕೊಟ್ಟರೆ ಸೋಲಾರಿಸ್ ಸೇವೆಗಳನ್ನು ಕ್ರಮವಾಗಿ ಮುಚ್ಚುವ ಸ್ಕ್ರಿಪ್ಟ್‌ಗಳನ್ನು ಓಡಿಸದೆಯೇ ನಿಂತುಬಿಡುತ್ತದೆ. 'ಕಿಲ್ಆಲ್' ಇನ್ನೂ ಅಪಾಯ. ಲಿನಕ್ಸಿನಲ್ಲಿ ಅದು ಹೆಸರಿಟ್ಟು ಕರೆದ ಒಂದು ಪ್ರೋಗ್ರಾಮನ್ನು ಮಾತ್ರ ನಿಲ್ಲಿಸುತ್ತದೆ. ಸೋಲಾರಿಸಿನಲ್ಲಿ ಎಲ್ಲವನ್ನೂ ಕೊಲ್ಲುತ್ತದೆ. ನಿಮ್ಮ ಐಟಿ ವಿಭಾಗದ ಹುಡುಗರು ಲಿನಕ್ಸ್ ಅಭ್ಯಾಸದಲ್ಲಿ ಸಹಾಯಕ್ಕೆ ಬಂದಾರು, ಕೀಬೋರ್ಡ್ ಕೊಡುವ ಮುಂಚೆ ಇದನ್ನು ಹೇಳಿಬಿಡಿ.

ಕನ್ಸೋಲಿನ ಬಗ್ಗೆ ಒಂದು ಮಾತು. ನಿಮ್ಮ ಯಂತ್ರಕ್ಕೆ ಮಾನಿಟರ್, ಕೀಬೋರ್ಡ್ ಇರದೆ ಸೀರಿಯಲ್ ಕೇಬಲ್ಲಿನ ಟರ್ಮಿನಲ್ ಇದ್ದರೆ, ವರ್ಕ್‌ಸ್ಟೇಷನ್ ಪೂರ್ತಿ ಆರುವ ಮೊದಲು ಆ ಟರ್ಮಿನಲ್ಲಿನ ಸ್ವಿಚ್ಚನ್ನಾಗಲಿ ಕೇಬಲ್ಲನ್ನಾಗಲಿ ಮುಟ್ಟಬೇಡಿ. ಟರ್ಮಿನಲ್ ಆರಿದಾಗ ಅಥವಾ ಕೇಬಲ್ ಕಿತ್ತಾಗ ಹೊರಡುವ ಸಂಕೇತವನ್ನು ಸನ್ ಯಂತ್ರ 'ಬ್ರೇಕ್' ಎಂದು ತಿಳಿದುಕೊಂಡು, ಮಾಡುತ್ತಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಓಕೆ ಪ್ರಾಂಪ್ಟಿಗೆ ಬೀಳಬಹುದು. ಇದನ್ನು ನಾನು ಕಲಿತದ್ದು ಓದಿ ಅಲ್ಲ. ನೌಕರಿಯ ಆರಂಭದಲ್ಲಿ, ಬೆಂಗಳೂರಿನದೇ ಒಂದು ಕಚೇರಿಯಲ್ಲಿ, ಮೇಜು ಒರೆಸುವ ಉತ್ಸಾಹದಲ್ಲಿ ಟರ್ಮಿನಲ್ಲಿನ ಕೇಬಲ್ ತೆಗೆದು ಪಕ್ಕಕ್ಕಿಟ್ಟೆ. ಐದು ನಿಮಿಷದ ನಂತರ ಮೇಲಿನ ಮಹಡಿಯಿಂದ ಸಾಹೇಬರು ಇಳಿದು ಬಂದರು, "ಏನ್ರೀ, ಅಲಾರಂ ಪರದೆ ಹೆಪ್ಪುಗಟ್ಟಿದೆ?" ಎಂದು. ಅದೃಷ್ಟಕ್ಕೆ ಓಕೆ ಪ್ರಾಂಪ್ಟಿನಲ್ಲಿ 'ಗೋ' ಎಂದು ಟೈಪ್ ಮಾಡಿದಾಗ ಯಂತ್ರ ನಿಂತಲ್ಲಿಂದಲೇ ಮುಂದುವರಿಯಿತು. ಅವತ್ತಿನಿಂದ ನಾನು ಎಕ್ಸ್‌ಚೇಂಜ್ ಕೋಣೆಯಲ್ಲಿ ಬಟ್ಟೆ ಹಿಡಿದು ಒರೆಸುವುದಿಲ್ಲ.

ಹೊರಗೆ ಪ್ರತ್ಯೇಕ ಡಿಸ್ಕ್ ಪೆಟ್ಟಿಗೆ ಇದ್ದರೆ ಆರಿಸುವಾಗ ವರ್ಕ್‌ಸ್ಟೇಷನ್ ಮೊದಲು, ಡಿಸ್ಕ್ ಆಮೇಲೆ. ಹಚ್ಚುವಾಗ ತಿರುಗುಮುರುಗು. ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ, ಕೈಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಳ್ಳಿ. ಬ್ಲೋಯರಿನಿಂದ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಗಿರ್ರನೆ ತಿರುಗಿದರೆ ಬೇರಿಂಗ್ ಹಾಳು. ಧೂಳು ತೆಗೆಯುವ ವಿದ್ಯೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ, ಪೀಣ್ಯದಲ್ಲಿದ್ದೀರಿ.

ಮತ್ತೆ ಹಚ್ಚಿದಾಗ ಮೊದಲು ನೋಡಬೇಕಾದದ್ದು ಗಡಿಯಾರ. ದಿನಾಂಕವೋ ಸಮಯವೋ ತಪ್ಪಿದ್ದರೆ ಕರೆ ದಾಖಲೆಗಳು ಹಿಂದುಮುಂದಾಗುತ್ತವೆ, ಕ್ರಾನ್ ಕೆಲಸಗಳು ಹೊತ್ತಲ್ಲದ ಹೊತ್ತಲ್ಲಿ ಏಳುತ್ತವೆ. ಎಕ್ಸ್‌ಚೇಂಜಿನ ಗಡಿಯಾರಕ್ಕೂ ಇದಕ್ಕೂ ಹೊಂದಿಕೆ ಆದ ಮೇಲೆ ನಿರ್ವಹಣೆಯ ತಂತ್ರಾಂಶ ಶುರು ಮಾಡಿ. ಆಗ ಅಲಾರಂಗಳು ಒಮ್ಮೆಲೇ ಸುರಿಯುತ್ತವೆ. ಹೆದರಬೇಡಿ, ಹಾಗೆಂದು ಎಲ್ಲವನ್ನೂ ಒಂದೇ ಗುಕ್ಕಿಗೆ 'ಒಪ್ಪಿದೆ' ಎಂದು ಒತ್ತಿ ಅಳಿಸಲೂ ಬೇಡಿ. ಹಳೆಯ ಸುಳ್ಳು ಅಲಾರಂಗಳ ನಡುವೆ ಇವತ್ತು ನಿಜವಾಗಿ ಬಂದದ್ದು ಒಂದಿರಬಹುದು. ಶನಿವಾರವೇ ಅಲಾರಂ ಪಟ್ಟಿಯ ಪ್ರಿಂಟ್ ತೆಗೆದಿಟ್ಟುಕೊಂಡಿದ್ದರೆ ಪಕ್ಕದಲ್ಲಿಟ್ಟು ಹೋಲಿಸುವುದು ಸುಲಭ.

ಪರೀಕ್ಷೆಯ ಕರೆಗಳು ನಾಲ್ಕು ಸಾಕು. ಒಳಗಿನಿಂದ ಒಳಗೆ, ಒಳಗಿನಿಂದ ಬೆಂಗಳೂರಿನದೇ ಒಂದು 080 ನಂಬರಿಗೆ, ಮೊಬೈಲಿನಿಂದ ಒಳಕ್ಕೆ, ಮತ್ತೆ ಲಿಫ್ಟಿನ ಫೋನಿನಿಂದ ಸೆಕ್ಯುರಿಟಿ ಗೇಟಿಗೆ. 112ಕ್ಕೆ ಪರೀಕ್ಷೆಗೆಂದು ಕರೆ ಮಾಡಬೇಡಿ, ಅದರ ದಾರಿ ಸರಿಯಾಗಿದೆಯೇ ಎಂದು ರೂಟಿಂಗ್ ಪಟ್ಟಿಯಲ್ಲಿ ಓದಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಈ ಪರೀಕ್ಷಾ ಕರೆಗಳ ದಾಖಲೆ ವರ್ಕ್‌ಸ್ಟೇಷನ್ನಿಗೆ ಬಂದು ಬಿದ್ದಿದೆಯೇ ನೋಡಿ. ಬಿದ್ದಿಲ್ಲವೆಂದರೆ ಲ್ಯಾಪ್‌ಟಾಪಿಗೆ ಚುಚ್ಚಿದ್ದ ಸೀರಿಯಲ್ ಕೇಬಲ್ ಇನ್ನೂ ಅಲ್ಲೇ ಇದೆಯೆಂದು ಅರ್ಥ. ಇದು ಎಷ್ಟು ಸಲ ಆಗುತ್ತದೆಂದರೆ ನಾನು ಮೊದಲು ಅಲ್ಲೇ ನೋಡುತ್ತೇನೆ.

ಕೊನೆಯದಾಗಿ, ಕೆಲಸವನ್ನು ಬೆಳಿಗ್ಗೆ ಎಂಟಕ್ಕೇ ಶುರು ಮಾಡಿ, ಮಧ್ಯಾಹ್ನದ ಊಟದೊಳಗೆ ವರ್ಕ್‌ಸ್ಟೇಷನ್ ಎದ್ದಿರಲಿ. ಏಪ್ರಿಲ್, ಮೇ ತಿಂಗಳಾದರೆ ಸಂಜೆ ಗುಡುಗು ಸಿಡಿಲಿನ ಮಳೆ ಖಂಡಿತ, ಆಗ ಅರ್ತಿಂಗ್ ಬಿಚ್ಚಿಟ್ಟುಕೊಂಡು ಕೂರುವುದು ಚೆನ್ನಾಗಿರುವುದಿಲ್ಲ. ಬಿಡಿ ಭಾಗವೇನಾದರೂ ಬೇಕಾದೀತೆಂದು ಅನುಮಾನವಿದ್ದರೆ ಶನಿವಾರವೇ ಬೆಂಗಳೂರಿನ ಎಲೆಕ್ಟ್ರಾನಿಕ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರೋಡಿಗೆ ಹೋಗಿ ಬನ್ನಿ. ಹೊಸ ಯುಪಿಎಸ್ ಮೇಲೆ ಪೂರ್ತಿ ಹೊರೆ ಬೀಳುವುದು ಸೋಮವಾರ ಜನರಲ್ ಶಿಫ್ಟ್ ಬಂದು, ಎಲ್ಲ ಮೇಜುಗಳೂ ಹಚ್ಚಿಕೊಂಡ ಮೇಲೆ. ಅಲ್ಲಿಯವರೆಗೆ ಹಳೆಯ ಯುಪಿಎಸ್ಸನ್ನು ಕೋಣೆಯಲ್ಲೇ ಇಟ್ಟುಕೊಂಡಿರಿ, ಒಯ್ಯಲು ಗಾಡಿ ತಂದಿದ್ದೇವೆ ಎಂದು ಅವಸರ ಮಾಡಿದರೂ ಮಂಗಳವಾರ ಬರಲು ಹೇಳಿ.